ಯಾತ್ರೆಗೆ ಹೋದವರು ಇನ್ನೂ ಬಂದಿಲ್ಲ

ನನ್ನ ಸೋದರತ್ತೆಗೆ ಈಗ 88 ವರ್ಷ. ಕಿವಿ ಮಂದವಾಗಿದ್ದರೂ ನೆನಪು ಗಟ್ಟಿಯಾಗಿದೆ. ಶಿವಮೊಗ್ಗದಿಂದ ನಾನು ಸಾಗರದ ಕಡೆಯ ಅವರ ಮನೆಗೆ ಹೋದಾಗಲೆಲ್ಲ, ಮಧ್ಯಾಹ್ನದ ಊಟ ಮುಗಿದು ಎಲೆ ಅಡಿಕೆ ಕವಳದ ತಟ್ಟೆ ಜಗಲಿಗೆ ಬಂದ ಮೇಲೆ, ಪಕ್ಕದಲ್ಲೇ ಕುಳಿತಿರುವ ತಮ್ಮ ಮಗಳನ್ನು ಅವರು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: “ಅದೆಲ್ಲ ಇರಲಿ ಮಾರಾಯ್ತಿ, ಆ ಕಾಶಿಗೆ ಹೋದವಳು ಯಾವಾಗ ಬರ್ತಾಳೆ?”

ಹೊಸಬರು ಕೇಳಿಸಿಕೊಂಡರೆ ಅತ್ತೆಗೆ ಅರಳುಮರುಳು ಎಂದುಕೊಂಡಾರು. ಹಾಗೇನಿಲ್ಲ. ಅವರ ಮಗಳು, ಅಂದರೆ ಬುದ್ಧಿ ಬಂದಾಗಿನಿಂದ ನಾನು ಅಕ್ಕ ಎಂದೇ ಕರೆದುಕೊಂಡು ಬಂದವಳು, ಟಿ.ವಿ. ಧಾರಾವಾಹಿಗಳ ನಟಿ. ನನ್ನ ಅತ್ತೆಯ ಮಗಳು ತೆರೆಯ ಮೇಲೆ ಊರಿಗೆಲ್ಲ ಅತ್ತೆಯಾಗಿದ್ದವಳು. ಅವಳು ನಾಲ್ಕು ವರ್ಷ ಮಾಡಿದ ದೊಡ್ಡ ಪಾತ್ರವೊಂದನ್ನು ಕಥೆ ಬರೆಯುವವರು 2020ರ ಮಾರ್ಚ್ ಮೊದಲ ವಾರದಲ್ಲಿ ಕಾಶಿಯಾತ್ರೆಗೆ ಕಳುಹಿಸಿದರು. ಮನೆಯಲ್ಲಿ ಅತ್ತೆ ಇಲ್ಲದ ಹೊತ್ತಿನಲ್ಲಿ ಸೊಸೆಯ ಗುಟ್ಟು ಹೊರಬೀಳಬೇಕಾಗಿತ್ತು. ಹದಿನೈದು ದಿನದಲ್ಲಿ ವಾಪಸು ಕರೆಸುವ ಲೆಕ್ಕವಿತ್ತು. ಅಷ್ಟರಲ್ಲಿ ಕೊರೊನಾ ಬಂದು ಚಿತ್ರೀಕರಣವೆಲ್ಲ ನಿಂತಿತು. ಮೇ ತಿಂಗಳಲ್ಲಿ ಒಳಾಂಗಣ ಚಿತ್ರೀಕರಣಕ್ಕೆ ಅನುಮತಿ ಸಿಕ್ಕಾಗ ಸೆಟ್ಟಿನಲ್ಲಿ ಕೆಲವೇ ಜನ ಇರಬೇಕಾಗಿದ್ದುದರಿಂದ, ಕಾಶಿಯಲ್ಲಿದ್ದವರು ಕಾಶಿಯಲ್ಲೇ ಉಳಿದರು. ಆ ವರ್ಷದ ಕೊನೆಗೆ ಧಾರಾವಾಹಿಯೇ ಮುಗಿಯಿತು. ಮುಕ್ತಾಯದ ಮದುವೆ ದೃಶ್ಯದಲ್ಲಿ ಮಗನ ಪಾತ್ರದವನು ಮೊಬೈಲನ್ನು ಕಿವಿಯಿಂದ ತೆಗೆದು, “ಅಮ್ಮ ಅಲ್ಲಿಂದಲೇ ಆಶೀರ್ವಾದ ಮಾಡಿದರು” ಎಂದ. ಆ ಕಡೆಯ ದನಿಯನ್ನೂ ಕೇಳಿಸಲಿಲ್ಲ, ಏಕೆಂದರೆ ದನಿ ಕೊಡಿಸಿದರೂ ಒಂದು ದಿನದ ಸಂಭಾವನೆ ಕೊಡಬೇಕಾಗುತ್ತಿತ್ತು.

ಅವಳ ಹೆಸರನ್ನಾಗಲಿ ಆ ಧಾರಾವಾಹಿಯ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ, ಅವಳೇ ಬೇಡವೆಂದಿದ್ದಾಳೆ. ಹೆಸರು ಹೇಳಿದರೂ ಗುರುತು ಸಿಗುವುದು ಕಷ್ಟ. ಸಾಗರದ ಸಂತೆಯಲ್ಲಿ ಅವಳನ್ನು ಕಂಡು ನಿಲ್ಲುವವರು ಕರೆಯುವುದು ಪಾತ್ರದ ಹೆಸರಿನಿಂದ, ಮತ್ತು ಆ ಪಾತ್ರದ ಹೆಸರು ಪ್ರತಿ ಮೂರು ನಾಲ್ಕು ವರ್ಷಕ್ಕೊಮ್ಮೆ ಬದಲಾಗಿದೆ.

ಅಕ್ಕ ಬಣ್ಣ ಹಚ್ಚಿದ್ದು ಟಿ.ವಿ.ಗಾಗಿ ಅಲ್ಲ. 1986ರಲ್ಲಿ ಅವಳು ಹೆಗ್ಗೋಡಿನ ನೀನಾಸಮ್ ರಂಗಶಿಕ್ಷಣ ಕೇಂದ್ರಕ್ಕೆ ಸೇರಿದಳು. 1949ರಲ್ಲಿ ಹುಟ್ಟಿದ ನೀನಾಸಮ್ ಈ ರಂಗಶಾಲೆಯನ್ನು ಆರಂಭಿಸಿದ್ದು 1980ರಲ್ಲಿ. ಊರೂರು ಸುತ್ತುವ ‘ತಿರುಗಾಟ’ ಶುರುವಾಗಿದ್ದು 1985ರಲ್ಲಿ. ಹೆಣ್ಣುಮಗಳು ನಾಟಕ ಕಲಿಯುವುದೆಂದರೆ ಬೇರೆ ಕಡೆ ಏನಾಗುತ್ತಿತ್ತೋ ಕಾಣೆ, ನಮ್ಮ ಮನೆಯಲ್ಲಿ ಒಂದು ವಾರದ ಮೌನವಾಗಿ, ಆಮೇಲೆ ಮಾವನವರು “ಸುಬ್ಬಣ್ಣನವರ ಹತ್ತಿರ ತಾನೆ, ಹೋಗಲಿ” ಎಂದರು. ಹೆಗ್ಗೋಡು ದೂರದ ಊರಲ್ಲ, ನೀನಾಸಮ್ ಕಟ್ಟಿದ ಕೆ.ವಿ. ಸುಬ್ಬಣ್ಣನವರೂ ನಮ್ಮ ಹಾಗೆ ಅಡಿಕೆ ತೋಟದವರು. ಆ ಒಂದು ಮಾತಿನ ಮೇಲೆ ನಮ್ಮ ಸೀಮೆಯ ಎಷ್ಟೋ ಮಕ್ಕಳಿಗೆ ರಂಗದ ಬಾಗಿಲು ತೆರೆದಿರಬೇಕು. ಓದು ಮುಗಿಸಿ ಅಕ್ಕ ಎರಡು ವರ್ಷ ತಿರುಗಾಟದಲ್ಲಿದ್ದಳು. ಆಮೇಲೆ ಮದುವೆಯಾಗಿ ಬೆಂಗಳೂರು ಸೇರಿದಳು, ಮಗ ಹುಟ್ಟಿದ, ಹತ್ತು ವರ್ಷ ಬಣ್ಣದ ಡಬ್ಬಿ ತೆರೆಯಲಿಲ್ಲ.

ಅಕ್ಕ ಹೆಗ್ಗೋಡಿಗೆ ಸೇರಿದ ಕಾಲಕ್ಕೆ ನಮ್ಮ ಮಲೆನಾಡಿಗೆ ಟಿ.ವಿ. ಬಂದಿತ್ತು. ಮಾಡಿನ ಮೇಲೆ ಬಿದಿರಿನ ಗಳ ಕಟ್ಟಿ ಆಂಟೆನಾ ನಿಲ್ಲಿಸಿ, ಮಳೆಗಾಲದಲ್ಲಿ ಒಬ್ಬ ಕೊಡೆ ಹಿಡಿದು ಅದನ್ನು ತಿರುಗಿಸುತ್ತಿದ್ದರೆ ಒಳಗಿನಿಂದ ನಾವು “ಬಂತು, ಹೋಯ್ತು” ಎಂದು ಕೂಗುತ್ತಿದ್ದ ದಿನಗಳು ಅವು. ಆರ್.ಕೆ. ನಾರಾಯಣರ ಕಥೆಗಳನ್ನು ಆಧರಿಸಿ ಶಂಕರ್ ನಾಗ್ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ 1986ರ ಹೊತ್ತಿಗೆ ದೂರದರ್ಶನದಲ್ಲಿ ಬರತೊಡಗಿದಾಗ, ಟಿ.ವಿ. ಇದ್ದ ಒಂದೇ ಮನೆಯಲ್ಲಿ ಊರೆಲ್ಲ ಸೇರುತ್ತಿತ್ತು. ನಮ್ಮದೇ ಜಿಲ್ಲೆಯ ಆಗುಂಬೆಯ ದೊಡ್ಡಮನೆಯಲ್ಲಿ, ನಮಗೆ ಗೊತ್ತಿದ್ದ ಕಂಬ ಜಗಲಿಗಳ ನಡುವೆ, ಎಲ್ಲರೂ ಹಿಂದಿಯಲ್ಲಿ ಮಾತನಾಡುತ್ತಿದ್ದರು. ಮಾತು ಅರ್ಧ ಅರ್ಥವಾಗದಿದ್ದರೂ ಮನೆ ಪೂರ್ತಿ ಅರ್ಥವಾಗುತ್ತಿತ್ತು. ಕಥೆಯ ಹುಡುಗ ಸ್ವಾಮಿಯ ತಂದೆಯಾಗಿ ಗಿರೀಶ್ ಕಾರ್ನಾಡ್, ತಾಯಿಯಾಗಿ ವೈಶಾಲಿ ಕಾಸರವಳ್ಳಿ. ರಜೆಗೆ ಬಂದಿದ್ದ ಅಕ್ಕ ಕಾರ್ನಾಡರನ್ನು ನೋಡಲಿಲ್ಲ, ಸ್ವಾಮಿಯನ್ನೂ ನೋಡಲಿಲ್ಲ. ಆ ತಾಯಿಯನ್ನೇ ನೋಡುತ್ತ, “ಅವರು ಏನೂ ಮಾಡ್ತಾ ಇಲ್ಲ ನೋಡು, ಸುಮ್ಮನೆ ಆ ಮನೆಯಲ್ಲಿ ಇದ್ದಾರೆ” ಎಂದಳು. ಅದು ಹೊಗಳಿಕೆ ಎಂದು ತಿಳಿಯುವಷ್ಟು ದೊಡ್ಡವನಾಗಿರಲಿಲ್ಲ ನಾನು.

ವೈಶಾಲಿಯವರ ವಿಷಯ ಬಂದಿದ್ದರಿಂದ ಇನ್ನೂ ನಾಲ್ಕು ಮಾತು. 1952ರಲ್ಲಿ ಕಲಬುರಗಿಯಲ್ಲಿ ಹುಟ್ಟಿದ ಅವರು ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನ ಗಿರೀಶ್ ಕಾಸರವಳ್ಳಿಯವರನ್ನು ಮದುವೆಯಾಗಿ ನಮ್ಮ ಸೀಮೆಯ ಸೊಸೆಯಾದವರು. ರಂಗಭೂಮಿ, ಸಿನಿಮಾ, ಧಾರಾವಾಹಿ ಮೂರರಲ್ಲೂ ನಟಿಸಿದರು. ‘ತಾಯಿ ಸಾಹೇಬ’ ಚಿತ್ರದ ವಸ್ತ್ರವಿನ್ಯಾಸಕ್ಕೆ ರಾಷ್ಟ್ರಪ್ರಶಸ್ತಿ ಪಡೆದರು. ಆಮೇಲೆ ಕ್ಯಾಮೆರಾದ ಹಿಂದೆ ನಿಂತು ಈಟಿವಿ ವಾಹಿನಿಗಾಗಿ ‘ಮೂಡಲ ಮನೆ’ ನಿರ್ದೇಶಿಸಿ, ಉತ್ತರ ಕರ್ನಾಟಕದ ಕನ್ನಡವನ್ನು ನಗೆಗಾಗಿ ಅಲ್ಲದೆ ಮನೆಮಾತಾಗಿಯೇ ರಾತ್ರಿಯ ಧಾರಾವಾಹಿಗೆ ತಂದರು. 2010ರ ಸೆಪ್ಟೆಂಬರ್ 27ರಂದು ತೀರಿಕೊಂಡರು. ಮಲೆನಾಡಿನ ಮಾತಿಗೆ ಆ ಭಾಗ್ಯ ಧಾರಾವಾಹಿಗಳಲ್ಲಿ ಸಿಕ್ಕಿದ್ದು ಕಡಿಮೆಯೆಂದೇ ನನ್ನ ಎಣಿಕೆ. ಅಕ್ಕನ ಬಾಯಲ್ಲಿ ‘ಮಾರಾಯ್ತಿ’ ಎಂಬ ಮಾತು ಬಂದರೆ ಸೆಟ್ಟಿನಲ್ಲಿ “ಅಮ್ಮ, ನ್ಯೂಟ್ರಲ್ ಕನ್ನಡ” ಎನ್ನುತ್ತಿದ್ದರಂತೆ.

ಅವಳು ಮತ್ತೆ ಬಣ್ಣ ಹಚ್ಚಿದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಟಿ.ಎನ್. ಸೀತಾರಾಮ್ ಮತ್ತು ಸಂಗಡಿಗರ ‘ಮಾಯಾಮೃಗ’ ದೂರದರ್ಶನದಲ್ಲಿ ಬಂದು, ದಿನಕ್ಕೊಂದು ಕಂತಿನ ಕಥೆಗೂ ಕನ್ನಡದ ಜನ ಕಾದು ಕೂರುತ್ತಾರೆ ಎಂಬುದು ಖಚಿತವಾಗಿದ್ದ ಕಾಲ. 1994ರಲ್ಲಿ ಉದಯ ಟಿ.ವಿ. ಬಂದಿತ್ತು, 2000ದ ಕೊನೆಗೆ ಈಟಿವಿ ಕನ್ನಡ, 2006ರಲ್ಲಿ ಜೀ ಕನ್ನಡ, ಮರುವರ್ಷ ಸುವರ್ಣ ಬಂದವು. ಅಷ್ಟು ವಾಹಿನಿಗಳ ಸಂಜೆಗಳನ್ನು ತುಂಬಲು ಎಷ್ಟು ಅಮ್ಮಂದಿರು, ಚಿಕ್ಕಮ್ಮಂದಿರು, ಅತ್ತೆಯಂದಿರು ಬೇಕಾದರು ಎಂಬುದನ್ನು ಯೋಚಿಸಿ. ರಂಗಭೂಮಿಯಲ್ಲಿ ಪಳಗಿ ಮನೆ ಸೇರಿದ್ದ ಎಷ್ಟೋ ಹೆಂಗಸರಿಗೆ ನಲವತ್ತರ ಹೊಸ್ತಿಲಲ್ಲಿ ದುಡಿಮೆ ಸಿಕ್ಕಿತು. ನಾಯಕಿಯರ ಕಥೆ ಬೇರೆ. ಅವರಿಗೆ ಪತ್ರಿಕೆಯ ಮುಖಪುಟವಿದೆ, ಸಿನಿಮಾದ ಆಸೆಯಿದೆ. ಅಕ್ಕನಂಥ ಪೋಷಕ ನಟಿಯರಿಗೆ ಇರುವುದು ತಿಂಗಳಿಗೆ ಇಂತಿಷ್ಟು ದಿನದ ಕಾಲ್‌ಶೀಟ್, ದಿನಕ್ಕಿಷ್ಟು ಎಂಬ ಸಂಭಾವನೆ, ಅದು ಕೈಗೆ ಬರುವುದು ಎರಡು ಮೂರು ತಿಂಗಳು ತಡವಾಗಿ. ಒಂದು ತಂಡದವರು ಕೊಡಬೇಕಾದ ಹಣದ ಒಂದು ಭಾಗ ಇವತ್ತಿಗೂ ಬಂದಿಲ್ಲ. ಸೀರೆ, ಕುಪ್ಪಸ, ಬಳೆಗಳೆಲ್ಲ ಅವಳ ಸ್ವಂತದ್ದು.

ಲೆಕ್ಕ ಹಾಕಿದರೆ ತಲೆ ತಿರುಗುತ್ತದೆ. ಅರ್ಧ ಗಂಟೆಯಲ್ಲಿ ಜಾಹೀರಾತು ಕಳೆದರೆ ಒಂದು ಕಂತಿಗೆ ಉಳಿಯುವುದು ಸುಮಾರು 22 ನಿಮಿಷ. ವಾರಕ್ಕೆ ಐದು ಕಂತೆಂದರೆ ವರ್ಷಕ್ಕೆ 260, ನಾಲ್ಕು ವರ್ಷಕ್ಕೆ ಸಾವಿರ ದಾಟುತ್ತದೆ. ತಿರುಗಾಟದ ನಾಟಕವನ್ನು ಅಕ್ಕ ತಿಂಗಳುಗಟ್ಟಲೆ ತಾಲೀಮು ಮಾಡಿ ಎರಡು ಗಂಟೆ ಆಡುತ್ತಿದ್ದಳು. ಇಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಕೈಗೆ ಬಂದ ಹಾಳೆ ಹತ್ತೂವರೆಗೆ ಚಿತ್ರವಾಗಿರುತ್ತದೆ.

ಆದರೆ ಅವಳು ವೇಗದ ಬಗ್ಗೆ ದೂರಿದ್ದನ್ನು ನಾನು ಕೇಳಿಲ್ಲ. ಅವಳನ್ನು ಕಾಡಿದ್ದು ಇನ್ನೊಂದು. ನಾಟಕದ ಮೊದಲ ಓದಿನಲ್ಲೇ ತನ್ನ ಪಾತ್ರ ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ನಟಿಗೆ ಗೊತ್ತಿರುತ್ತದೆ. ಕೊನೆಯ ಅಂಕದ ಸಿಟ್ಟಿಗೆ ಮೊದಲ ಅಂಕದಲ್ಲೇ ಬೀಜ ಹಾಕಬಹುದು. ಧಾರಾವಾಹಿಯಲ್ಲಿ ಕೊನೆ ಬರೆದವರಿಗೂ ಗೊತ್ತಿರುವುದಿಲ್ಲ. ಗುರುವಾರ ರೇಟಿಂಗ್ ಬರುತ್ತದೆ, ಆಯ್ದ ಮನೆಗಳ ಟಿ.ವಿ.ಗಳಿಗೆ ಕೂಡಿಸಿದ ಮೀಟರುಗಳ ಲೆಕ್ಕ ಅದು. ಅಂಕ ಇಳಿದಿದ್ದರೆ ಮುಂದಿನ ವಾರ ಒಳ್ಳೆಯವಳು ಕೆಟ್ಟವಳಾಗಬಹುದು, ಸತ್ತವನು ಬರಬಹುದು. “ಕೆಟ್ಟವಳಾಗಿ ಮಾಡುವಾಗಲೂ ಒಂದು ಕಿಟಕಿ ತೆರೆದೇ ಇಟ್ಟಿರಬೇಕು ತಮ್ಮ. ನಾಳೆ ಒಳ್ಳೆಯವಳಾಗು ಅಂದರೆ ನೋಡುವವರಿಗೆ ನಂಬಿಕೆ ಬರಬೇಕಲ್ಲ” ಎಂದು ಅವಳು ಹೇಳಿದಾಗ ನನಗೆ ಇದು ತಮಾಷೆಯ ಮಾತಾಗಿ ಕೇಳಿಸಿತ್ತು. ಕಣ್ಣಾರೆ ನೋಡಿದ ಮೇಲೆ ಹಾಗನ್ನಿಸಲಿಲ್ಲ.

2018ರಲ್ಲಿ, ಬೆಂಗಳೂರಿನಲ್ಲಿ ಏನೋ ಕೆಲಸವಿದ್ದಾಗ, ಅವಳ ಸೀರೆಗಳ ಸೂಟ್‌ಕೇಸು ಹೊತ್ತುಕೊಂಡು ಒಂದು ದಿನ ಚಿತ್ರೀಕರಣಕ್ಕೆ ಹೋಗಿದ್ದೆ. ಊರ ಹೊರವಲಯದ ಒಂದು ಬಾಡಿಗೆ ಮನೆ. ನೆಲದ ತುಂಬ ಕಪ್ಪು ಕೇಬಲ್ಲು, ಕಿಟಕಿಗೆ ಕಪ್ಪು ಬಟ್ಟೆ, ದೇವರಕೋಣೆಯಲ್ಲಿ ಪ್ಲಾಸ್ಟಿಕ್ ಸೇವಂತಿಗೆ. ಟಿ.ವಿ.ಯಲ್ಲಿ ಅರಮನೆಯಂತೆ ಕಾಣುತ್ತಿದ್ದ ಹಜಾರ ನಮ್ಮ ಅತ್ತೆಯ ಮನೆಯ ಜಗಲಿಯಷ್ಟೂ ಇರಲಿಲ್ಲ. ಆ ದಿನದ ದೃಶ್ಯದಲ್ಲಿ, ಮಗನಿಗೆ ಅಪಘಾತವಾಗಿದೆ ಎಂದು ಸೊಸೆ ಬಂದು ಹೇಳಬೇಕು, ಅತ್ತೆ ಕೇಳಬೇಕು. ಸೊಸೆಯ ಪಾತ್ರದ ಹುಡುಗಿಯ ಭಾಗವನ್ನು ಹಿಂದಿನ ದಿನವೇ ತೆಗೆದಾಗಿತ್ತು, ಅವಳು ಅಲ್ಲಿರಲಿಲ್ಲ. ಬದಲಿಗೆ ಸಹಾಯಕ ನಿರ್ದೇಶಕನಾಗಿದ್ದ ಹುಡುಗನೊಬ್ಬ ಬೋಂಡಾ ತಿಂದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಲೈಟಿನ ಸ್ಟ್ಯಾಂಡಿನ ಪಕ್ಕ ನಿಂತು, ಪಡಿತರ ಚೀಟಿ ಓದುವ ದನಿಯಲ್ಲಿ “ಅತ್ತೆ, ಇವರ ಕಾರು ಪಲ್ಟಿಯಾಗಿದೆಯಂತೆ ಅತ್ತೆ” ಎಂದು ಓದಿದ. ಅಕ್ಕ ನೋಡಬೇಕಾದ ಜಾಗದಲ್ಲಿ, ಸ್ಟ್ಯಾಂಡಿಗೆ, ಸೊಸೆಯ ಕಣ್ಣಿನ ಎತ್ತರಕ್ಕೆ ಒಂದು ತುಂಡು ಬಿಳಿ ಟೇಪು ಅಂಟಿಸಿದ್ದರು.

ಚಿತ್ರಿಸುವ ಮೊದಲು ಅವಳು ನಿರ್ದೇಶಕರನ್ನು ಕೇಳಿದ್ದು ಒಂದೇ: “ಅಳು ಎಷ್ಟಿರಲಿ? ಅವನು ಸಾಯ್ತಾನೋ, ಉಳೀತಾನೋ?” ನಿರ್ದೇಶಕರು ನನ್ನ ಮಗನ ವಯಸ್ಸಿನವರು, ಸೌಜನ್ಯವಂತರು. “ಗೊತ್ತಿಲ್ಲಮ್ಮ. ಚಾನೆಲ್‌ನಲ್ಲಿ ಮಾತಾಡ್ತಾ ಇದ್ದಾರೆ. ಸಂಜೆ ಸೀನ್ ಪೇಪರ್ ಬರತ್ತೆ” ಎಂದರು. ಸಂಜೆಯವರೆಗೆ ಕಾಯುವಂತಿರಲಿಲ್ಲ, ಆ ಕಂತು ಮರುದಿನವೇ ಪ್ರಸಾರವಾಗಬೇಕಿತ್ತು. ಅಕ್ಕ ಒಂದು ನಿಮಿಷ ಸುಮ್ಮನಿದ್ದು, ದಿವಾನದ ಮೇಲೆ ಬಿದ್ದಿದ್ದ ಒಂದು ಟವಲನ್ನು ಕೇಳಿ ತೆಗೆದುಕೊಂಡಳು. ಹುಡುಗ ಸಾಲು ಓದಿದ. ಅವಳು ಟೇಪನ್ನು ನೋಡಿದಳು, ಕುಳಿತಳು, ಆಮೇಲೆ ಆ ಟವಲನ್ನು ಮಡಿಸತೊಡಗಿದಳು. ಎರಡು ಮಡಿಕೆ, ನಾಲ್ಕು, ಎಂಟು, ಇನ್ನು ಮಡಿಸಲಾಗದಷ್ಟು ದಪ್ಪವಾಗುವವರೆಗೆ ಮಡಿಸಿ, ಅದನ್ನು ಎರಡೂ ಕೈಯಿಂದ ಒತ್ತಿ ಹಿಡಿದುಕೊಂಡಳು. ಕಣ್ಣು ತುಂಬಿತು, ಹನಿ ಬೀಳಲಿಲ್ಲ. ಗ್ಲಿಸರಿನ್ ಸೀಸೆ ಹಿಡಿದು ನಿಂತಿದ್ದ ಮೇಕಪ್ಪಿನವರು ಅದನ್ನು ಜೇಬಿಗೆ ಹಾಕಿಕೊಂಡರು. ಪಕ್ಕದ ಮನೆಯಲ್ಲಿ ಮಿಕ್ಸಿ ಶುರುವಾದ್ದರಿಂದ ಇನ್ನೊಮ್ಮೆ ತೆಗೆಯಬೇಕಾಯಿತು. ಎರಡನೆಯ ಸಲವೂ ಟವಲಿಗೆ ಅಷ್ಟೇ ಮಡಿಕೆ, ಹನಿ ಅಲ್ಲೇ ನಿಂತಿತು.

ಮಗ ಸತ್ತಿದ್ದರೆ ಅದು ಸಂಕಟಕ್ಕೆ ಮರಗಟ್ಟಿದ ತಾಯಿಯ ಕೈ. ಉಳಿದಿದ್ದರೆ, ಸುದ್ದಿಯನ್ನು ಒಳಗೆ ಬಿಟ್ಟುಕೊಳ್ಳಲು ಒಪ್ಪದ ತಾಯಿಯ ಕೈ. ಎರಡಕ್ಕೂ ಸಲ್ಲುತ್ತಿತ್ತು. ಧಾರಾವಾಹಿಯವರದು ಅತಿನಟನೆ ಎಂದು ನಗುವವರ ಸಾಲಿನಲ್ಲಿ ನಾನೂ ಇದ್ದವನು. ಈಗಲೂ ಗುಡುಗು ಸಿಡಿಲಿನ ಹಿನ್ನೆಲೆ ಸದ್ದು, ಒಂದೇ ಮುಖವನ್ನು ಮೂರು ಸಲ ತೋರಿಸುವ ಚಾಳಿ ನನಗೆ ಸಹಿಸುವುದಿಲ್ಲ. ಮರುದಿನ ಪ್ರಸಾರವಾದಾಗ ಆ ಟವಲಿನ ಮೇಲೂ ಮೂರು ಸಲ ಸಿಡಿಲು ಹೊಡೆಯಿತು. ಆದರೆ ಸಿಡಿಲಿನ ಕೆಳಗೆ ಏನಿತ್ತೆಂದು ನಾನು ಹತ್ತಡಿ ದೂರದಿಂದ ನೋಡಿದ್ದೆ. (ಮಗ ಉಳಿದ. ರೇಟಿಂಗ್ ಚೆನ್ನಾಗಿ ಬಂದಿತ್ತಂತೆ.)

ಊರಿನಲ್ಲಿ ಅವಳ ಕಷ್ಟ ಇನ್ನೊಂದು ಬಗೆಯದು. ನವೆಂಬರ್ ದಾಟಿ ಅಡಿಕೆ ಸುಗ್ಗಿ ಶುರುವಾದರೆ ಅತ್ತೆಯ ಮನೆಯಲ್ಲಿ ರಾತ್ರಿ ಹನ್ನೊಂದರವರೆಗೂ ಅಡಿಕೆ ಸುಲಿಯುವ ಕೆಲಸ. ಹತ್ತಾರು ಹೆಂಗಸರು ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕುಳಿತು ಸುಲಿಯುತ್ತಾರೆ, ಡಬ್ಬದ ಲೆಕ್ಕದಲ್ಲಿ ಕೂಲಿ. ಅವರಿಗಾಗಿಯೇ ಅತ್ತೆ ಟಿ.ವಿ.ಯನ್ನು ಒಳಗಿನಿಂದ ಜಗಲಿಗೆ ತರಿಸಿಬಿಟ್ಟಿದ್ದರು. ಕೈ ತಮ್ಮ ಪಾಡಿಗೆ ಸುಲಿಯುತ್ತಿರುತ್ತದೆ, ಕಣ್ಣು ತೆರೆಯ ಮೇಲೆ. ಅಕ್ಕ ಊರಿಗೆ ಬಂದಿದ್ದಾಗ ಆ ಸಾಲಿನ ಕೊನೆಯಲ್ಲಿ ಅವಳೂ ಒಂದು ಕತ್ತಿ ಹಾಕಿಕೊಂಡು ಕೂರುವಳು. ತೆರೆಯ ಮೇಲೆ ಅವಳು ಸೊಸೆಗೆ ವಿಷದಂಥ ಮಾತಾಡುತ್ತಿದ್ದರೆ ಇಲ್ಲಿ ಯಾರೂ ಅವಳನ್ನು ಬೈಯುತ್ತಿರಲಿಲ್ಲ, ಅಷ್ಟು ವ್ಯತ್ಯಾಸ ತಿಳಿಯದವರೇನಲ್ಲ. ಅವರಿಗೆ ಬೇಕಾಗಿದ್ದುದು ನಾಳೆಯ ಕಥೆ. “ನಂಗೆ ಗೊತ್ತಿಲ್ಲ” ಎಂದು ಅಕ್ಕ ಹೇಳಿದರೆ ಯಾರೂ ನಂಬುತ್ತಿರಲಿಲ್ಲ. ಮಾಡುವವಳೇ ಇವಳು, ಇವಳಿಗೆ ಗೊತ್ತಿಲ್ಲವೇ? ಸಿಟ್ಟಾಗಿದ್ದು ಅತ್ತೆಗೆ. “ಊರವರಿಗೆ ಹೇಳಬೇಡ, ಸರಿ. ಹೆತ್ತವಳಿಗೂ ಹೇಳೂಕಾಗೂದಿಲ್ವಾ?” ಎಂದು ಎರಡು ದಿನ ಮಾತು ಬಿಟ್ಟಿದ್ದರು.

ಅಕ್ಕನ ಗಂಡ 2019ರಲ್ಲಿ ತೀರಿಕೊಂಡರು. ಹನ್ನೆರಡನೆಯ ದಿನ ಕಳೆದು ಹದಿನಾಲ್ಕನೆಯ ದಿನ ಅವಳು ಸೆಟ್ಟಿಗೆ ಹೋದಳು, ಏಕೆಂದರೆ ಅವಳ ದೃಶ್ಯಗಳಿಲ್ಲದೆ ಕಥೆ ನಿಂತಿತ್ತು. ತೆರೆಯ ಮೇಲೆ ಅವಳು ಮುತ್ತೈದೆ. ಕುಂಕುಮ, ತಾಳಿ, ಹೂವು ಎಲ್ಲ ಹಾಕಿಕೊಳ್ಳಬೇಕಿತ್ತು. ಇದರ ಬಗ್ಗೆ ನಾನು ಕೇಳಿಲ್ಲ, ಅವಳು ಹೇಳಿಲ್ಲ.

ಲಾಕ್‌ಡೌನ್ ಮುಗಿಯುವವರೆಗೆ ಇರುತ್ತೇನೆಂದು ಅವಳು ಊರಿಗೆ ಬಂದಳು, ಬಂದವಳು ಉಳಿದಳು. ಆಮೇಲೆ ಒಂದೆರಡು ಸಣ್ಣ ಪಾತ್ರಗಳಿಗೆ ಕರೆ ಬಂದಾಗ ಬೆಂಗಳೂರಿಗೆ ಹೋಗಿ ಬಂದಿದ್ದಾಳೆ. ಕಳೆದ ವರ್ಷ ನಾವು ಮೂವರೂ ಶಿವಮೊಗ್ಗದಿಂದ ಬರುವಾಗ ಅರಸಾಳು ರೈಲು ನಿಲ್ದಾಣದ ಹತ್ತಿರ ಕಾರು ನಿಲ್ಲಿಸಿದೆವು. ‘ಮಾಲ್ಗುಡಿ ಡೇಸ್’ನಲ್ಲಿ ಮಾಲ್ಗುಡಿಯ ನಿಲ್ದಾಣವಾಗಿದ್ದ ಆ ಹಳೆಯ ಕಟ್ಟಡವನ್ನು ರೈಲ್ವೆಯವರು 2020ರಲ್ಲಿ ಮ್ಯೂಸಿಯಂ ಮಾಡಿದ್ದಾರೆ. ಅತ್ತೆ ಎಲ್ಲವನ್ನೂ ನಿಧಾನವಾಗಿ ನೋಡಿ, “ಇದಕ್ಕಾದರೆ ಒಂದು ಮನೆ ಕಟ್ಟಿಟ್ಟಿದ್ದಾರೆ. ನಿಂದು ಎಲ್ಲಿದೆ?” ಎಂದು ಮಗಳನ್ನು ಕೇಳಿದರು. ಅಕ್ಕ ನಕ್ಕಳು.

ಅವಳದ್ದು ಇರುವುದು ಅಟ್ಟದ ಮೇಲಿನ ಒಂದು ಟ್ರಂಕಿನಲ್ಲಿ. ಅಡಿಕೆ ಮಂಡಿಯವರು ಲೆಕ್ಕ ಬರೆಯುವಂಥ ಉದ್ದನೆಯ ಪುಸ್ತಕಗಳು, ಒಟ್ಟು ಹದಿನೇಳು. ದೃಶ್ಯಗಳನ್ನು ಹಿಂದುಮುಂದಾಗಿ ಚಿತ್ರಿಸುವುದರಿಂದ ಯಾವ ದೃಶ್ಯಕ್ಕೆ ಏನು ಉಟ್ಟಿದ್ದೆ ಎಂದು ನೆನಪಿಡಲು ಅವಳು ಇಪ್ಪತ್ತು ವರ್ಷ ಬರೆದ ಕಂಟಿನ್ಯುಟಿ ಪುಸ್ತಕಗಳವು. ಕೆಲಸದವರು ಅದನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳುವ ಕಾಲ ಬಂದ ಮೇಲೂ ಅವಳು ಬರೆಯುವುದನ್ನು ಬಿಡಲಿಲ್ಲ. ‘ಸೀನ್ 14: ಹಸಿರು ಮೈಸೂರು ಸಿಲ್ಕ್, ಬಲಗೈ ಬಳೆ ಆರು, ಒಂದು ಒಡೆದಿದೆ. ಸೆರಗು ಸೊಂಟಕ್ಕೆ ಸಿಕ್ಕಿಸಿದೆ, ಸಿಟ್ಟಿನಲ್ಲಿದ್ದಾಳೆ.’ ಹೀಗೆ ಪುಟಗಟ್ಟಲೆ. ಸಾವಿರ ಕಂತಿನ ಕಥೆಯಲ್ಲಿ ಅವಳ ಪಾಲು ಏನಿತ್ತೆಂದು ಯಾರಾದರೂ ತಿಳಿಯಬೇಕೆಂದರೆ ಇದನ್ನೇ ಓದಬೇಕು.

ಹದಿನೇಳನೆಯ ಪುಸ್ತಕದ ಕೊನೆಯ ಬರಹ ಹೀಗಿದೆ: ‘ಕಾಶಿಗೆ ಹೊರಡುವುದು: ಕಂದು ಹತ್ತಿ ಸೀರೆ, ಹಸಿರು ಅಂಚು. ಬರುವಾಗಲೂ ಇದೇ. ಇಸ್ತ್ರಿ ಮಾಡಬಾರದು, ಪ್ರಯಾಣ ಮಾಡಿದ ಹಾಗೆ ಕಾಣಬೇಕು.’

ನಮ್ಮಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ಟ್ರಂಕಿನ ಬಟ್ಟೆಗೆಲ್ಲ ಬೂಸಲು ಹಿಡಿದಿರುತ್ತದೆ. ದಸರೆಯ ಬಿಸಿಲು ಬಿದ್ದ ಮೇಲೆ ಅಕ್ಕ ಅಂಗಳದಲ್ಲಿ ಎರಡು ಹಗ್ಗ ಕಟ್ಟಿ ಎಲ್ಲ ಸೀರೆಗಳನ್ನೂ ಒಣಹಾಕುತ್ತಾಳೆ, ಸಂಜೆ ಸಾಗರದ ಇಸ್ತ್ರಿಯವನಿಗೆ ಕೊಡಲು ಗಂಟು ಕಟ್ಟುತ್ತಾಳೆ. ಈ ಸಲ ಗಂಟನ್ನು ಕಾರಿನಲ್ಲಿಟ್ಟುಕೊಂಡು ಹೊರಟವನು ನಾನು. ಕಂದು ಸೀರೆ ಅದರಲ್ಲಿರಲಿಲ್ಲ. ಮಡಿಕೆ ಬಿಡಿಸದೆ, ಸುಕ್ಕು ಸುಕ್ಕಾಗಿಯೇ, ಅವಳು ಅದನ್ನು ತಿರುಗಿ ಟ್ರಂಕಿಗೆ ಹಾಕಿದ್ದಳು.